ಲಾಮೇ ಬೈದ ತೊಲೆ

ಛಿನ್ ಲಾಮೇಯ ಬಾಯಿಗೆ ಹೆದರದವರು ನಮ್ಮ ಶಾಮುಪಿಂಗ್ ಊರಲ್ಲಿ ಇಬ್ಬರೇ. ಒಬ್ಬ, ಎರಡೂ ಕಿವಿ ಕೇಳದ ಎಣ್ಣೆಗಾಣದ ಮುದುಕ. ಇನ್ನೊಬ್ಬಳು, ಹಳ್ಳದ ಆಚೆ ಮಗ್ಗುಲಿನ ಯಿನ್‌ಹುವಾ. ಮುದುಕನಿಗೆ ಬೈಗುಳ ಕೇಳಿಸುತ್ತಿರಲಿಲ್ಲ. ಯಿನ್‌ಹುವಾಳಿಗೆ ಬೈಗುಳ ಸಿಗುತ್ತಲೇ ಇರಲಿಲ್ಲ.

ಮಿಕ್ಕವರಿಗೆಲ್ಲ ಧಾರಾಳವಾಗಿ ಸಿಗುತ್ತಿತ್ತು. ಜೋಳದ ಹೊಲಕ್ಕೆ ಕೋಳಿ ಬಿಟ್ಟವರಿಗೆ, ಊರ ಚಿಲುಮೆಯಲ್ಲಿ ಸೊಪ್ಪು ತೊಳೆದು ಕಸ ಬಿಟ್ಟುಹೋದವರಿಗೆ, ಮದುವೆಯೂಟದಲ್ಲಿ ಹಂದಿಮಾಂಸ ಕಾಗದದ ಹಾಗೆ ತೆಳ್ಳಗೆ ಕೊಯ್ದವರಿಗೆ. ಬೆಟ್ಟದ ಮೇಲೆ ಅವಳು ಬಾಯಿ ತೆಗೆದರೆ ಕೆಳಗೆ ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ, "ಇವತ್ತು ಯಾರ ಸರದಿಯೋ!" ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಆದರೆ ಅದೇ ಹೆಂಗಸರು ಮನೆ ಕಟ್ಟಲು ಹೊರಟರೆ ಮೊದಲು ಯೋಚಿಸುತ್ತಿದ್ದದ್ದು ಲಾಮೇಯ ಬಾಯಿಯ ಬಗ್ಗೆಯೇ.

ಅಯ್ಯೋ, ಬೈಗುಳಕ್ಕೆ ಇಷ್ಟು ಮರ್ಯಾದೆಯಾ ಅಂತ ಕೇಳಬೇಡಿ. ನಮ್ಮ ತುಜಿಯಾ ಜನರಲ್ಲಿ ಮನೆಯ ಕಂಬ, ಹಲಗೆ, ಜಂತೆ ಎಲ್ಲವೂ ಸ್ವಂತದ್ದಾಗಿರಬೇಕು. ಮಾಡಿನ ನೆತ್ತಿಯ ತೊಲೆ ಮಾತ್ರ ಕದ್ದದ್ದಾಗಿರಬೇಕು. ಕೇಳಿ ತಂದರೆ ಭಿಕ್ಷೆ, ಕೊಂಡು ತಂದರೆ ಸರಕು, ಕದ್ದು ತಂದರೆ ಮಾತ್ರ ಐಶ್ವರ್ಯ. ಬುಡದಲ್ಲಿ ಮರಿ ಚಿಗುರಿರುವ, ನೆಟ್ಟಗೆ ಬೆಳೆದ, ದೇವದಾರುವಿನಂಥ ಶಾ ಮರವನ್ನು ನೋಡಿಟ್ಟುಕೊಂಡು, ಬೆಳಕು ಹರಿಯುವ ಮುಂಚೆ ಹೋಗಿ, ಗುಡ್ಡದ ಮೇಲ್ಮುಖಕ್ಕೆ ಬೀಳುವ ಹಾಗೆ ಕಡಿಯಬೇಕು. ಬೊಡ್ಡೆಯ ಮೇಲೆ ದುಡ್ಡು ಮಡಿಸಿದ ಕೆಂಪು ಕಾಗದದ ಪೊಟ್ಟಣವೊಂದನ್ನು ಇಟ್ಟು, ಮರವನ್ನು ನೆಲಕ್ಕೆ ತಾಗಿಸದೆ ಹೊತ್ತು ತಂದು, ಮನೆ ಎಬ್ಬಿಸುವ ಜಾಗ ಮುಟ್ಟಿದ ಮೇಲೆ ಪಟಾಕಿ ಹಚ್ಚಬೇಕು. ಆಗ ಮರದ ಒಡೆಯ ಎದ್ದು ಬಂದು ಬಾಯಿಗೆ ಬಂದಂತೆ ಬೈಯಬೇಕು. ಎಷ್ಟು ಬೈದರೆ ಅಷ್ಟು ಏಳಿಗೆ. ಕದ್ದವರು ತುಟಿ ಪಿಟಿಕ್ ಅನ್ನಬಾರದು. ಒಂದು ಮಾತು ಎದುರಾಡಿದರೂ ತೊಲೆ ಕೆಟ್ಟಿತು, ಹೊಸ ಮರ ಹುಡುಕಬೇಕು.

ಲಾಮೇಯ ಮನೆ ಹಿಂದಿನ ಶಾ ತೋಪು ಊರಿಗೇ ಚೆಂದದ ತೋಪು. ಅದರ ಜೊತೆಗೆ ಆ ನಾಲಿಗೆ. ಚಿನ್ನಕ್ಕೆ ಪರಿಮಳ ಕೂಡಿದ ಹಾಗೆ! ನಮ್ಮ ಬಡಗಿ ಪೆಂಗ್ ಮೇಸ್ತ್ರಿ ಹೇಳುತ್ತಿದ್ದ: "ಲಾಮೇ ಬೈದ ತೊಲೆ ಹತ್ತಿರ ಗೆದ್ದಲೂ ಸುಳಿಯಲ್ಲ, ಅದಕ್ಕೂ ಮಾನ ಮರ್ಯಾದೆ ಇರುತ್ತಲ್ಲ." ಅವಳೂ ಅಷ್ಟೇ, ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದಳು. ಮುಖ ತೊಳೆದು, ಒಂದು ಲೋಟ ಬಿಸಿನೀರು ಕುಡಿದು, ಸೊಂಟಕ್ಕೆ ಕೈ ಕೊಟ್ಟು ನಿಂತರೆ ಸಹಸ್ರನಾಮವೇ. ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದಳು: ಕಳ್ಳನನ್ನು ಬೈಯಬಹುದು, ಕಳ್ಳನ ಮನೆಯನ್ನು, ಮಕ್ಕಳನ್ನು ಬೈಯಬಾರದು. ಬೈದು ಮುಗಿಸಿ, ಹೊಸ ಅಂಗಿ ತೊಟ್ಟು, ಅದೇ ಕಳ್ಳನ ಮನೆಗೆ ತೊಲೆ ಏರಿಸುವ ಊಟಕ್ಕೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದಳು.

ಇಂಥವಳು ಯಿನ್‌ಹುವಾಳ ಮುಂದೆ ಮಾತ್ರ ಬೆಕ್ಕಿನ ಮರಿ. ಅದಕ್ಕೆ ಕಾರಣ ಹಾಲು.

ನಲವತ್ತು ವರ್ಷಕ್ಕೂ ಹಿಂದಿನ ಮಾತು. ನದಿಯಾಚೆಯಿಂದ ಸೊಸೆಯಾಗಿ ಬಂದ ಲಾಮೇಗೆ ಮೊದಲ ಮಗು ಹುಟ್ಟಿದ್ದು ಹಿಮ ಸುರಿಯುವ ತಿಂಗಳಲ್ಲಿ. ಹೆತ್ತ ವಾರಕ್ಕೆ ಜ್ವರ ಹಿಡಿದು ಎದೆ ಬತ್ತಿಹೋಯಿತು. ಅತ್ತೆ ಅಕ್ಕಿ ಗಂಜಿಯ ತಿಳಿ ಕುಡಿಸಿ ನೋಡಿದಳು, ಮಗು ಕಕ್ಕಿತು. ಅಳುವ ಶಕ್ತಿಯೂ ಇಲ್ಲದೆ ಬೆಂಕಿಗುಂಡಿಯ ಪಕ್ಕ ಬಟ್ಟೆಗಂಟಿನ ಹಾಗೆ ಬಿದ್ದಿತ್ತು. ಮನೆಯವರು ಹೂಳುವ ಪೆಟ್ಟಿಗೆಗೆ ಹಲಗೆ ಹುಡುಕುವ ಮಾತು ಆಡುತ್ತಿದ್ದರು. ಆಗ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಯಿನ್‌ಹುವಾ. ಬೆನ್ನಿಗೆ ತನ್ನ ಕೂಸು ಶಾವ್‌ಮಿನ್, ಕಾಲಲ್ಲಿ ಹಿಮ ಹೊಕ್ಕ ಬಟ್ಟೆಚಪ್ಪಲಿ. ಹೆಚ್ಚು ಮಾತಿಲ್ಲ, "ಆ ಕಡೆ ಸರೀರಿ" ಅಂದಳು, ಬೆಂಕಿ ಮುಂದೆ ಕೂತಳು, ಒಂದು ಮಗ್ಗುಲಿಗೆ ತನ್ನ ಮಗಳು, ಇನ್ನೊಂದು ಮಗ್ಗುಲಿಗೆ ಲಾಮೇಯ ಮಗ. ಬೆಳಗ್ಗೆ ಬಂದಳು, ಸಂಜೆ ಬಂದಳು, ಹಿಮ ಮೊಣಕಾಲಿಗೆ ಬಂದ ದಿನವೂ ಬಂದಳು. ಸಾಸಿವೆ ಹೊಲ ಹಳದಿಯಾಗುವ ಹೊತ್ತಿಗೆ ಮಗುವಿನ ಕೆನ್ನೆ ತುಂಬಿತ್ತು. ಅವನೇ ಮಾವ್‌ಲಿನ್; ಈಗ ಜಿಲ್ಲಾ ಪಟ್ಟಣಕ್ಕೆ ಬಸ್ಸು ಓಡಿಸುತ್ತಾನೆ, ಯಿನ್‌ಹುವಾಳನ್ನು ದೊಡ್ಡವ್ವ ಅಂತಾನೆ.

ಲಾಮೇ ಹಾಸಿಗೆ ಬಿಟ್ಟು ಎದ್ದ ದಿನವೇ ಹಳ್ಳ ದಾಟಿ ಹೋಗಿ ಯಿನ್‌ಹುವಾಳ ಕಾಲಿಗೆ ಬಿದ್ದಳು. "ಅಕ್ಕಾ, ನಿನ್ನ ಉಪಕಾರ..." ಅನ್ನುವಷ್ಟರಲ್ಲಿ ಯಿನ್‌ಹುವಾ ಅವಳ ಬಾಯಿ ಮುಚ್ಚಿದಳು.

"ಬಿಡೇ ಹುಚ್ಚಿ! ಹಾಲು ಜಾಸ್ತಿಯಾಗಿತ್ತು, ಚೆಲ್ಲೋ ಬದಲು ಕೊಟ್ಟೆ. ಇನ್ನೊಂದು ಸಲ ಉಪಕಾರ ಗಿಪಕಾರ ಅಂದ್ರೆ ನೋಡು, ಮಾತು ಬಿಟ್ಟುಬಿಡ್ತೀನಿ."

ಅಂದಿನಿಂದ ಅದೇ ರಾಗ. ಲಾಮೇ ಬಾಯಿ ತೆಗೆದರೆ ಯಿನ್‌ಹುವಾ, "ಬಿಡೇ". ಪ್ರತಿ ಹೊಸವರ್ಷಕ್ಕೆ ಲಾಮೇ ಹೊಗೆಯಲ್ಲಿ ಒಣಗಿಸಿದ ಹಂದಿಯ ತೊಡೆಯೊಂದನ್ನು, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ತಾಳೆಗರಿಯ ಸೀಳಿನಿಂದ ತನ್ನದೇ ಜೋಡಿಗಂಟು ಹಾಕಿ ಕಳಿಸುತ್ತಿದ್ದಳು. ಹೊಸವರ್ಷವಾಗಿ ಹದಿನೈದು ದಿನಕ್ಕೆ ಬರುವ ಲಾಟೀನು ಹಬ್ಬದೊಳಗೆ ಅದು ಹೇಗೋ ವಾಪಸ್ ಬರುತ್ತಿತ್ತು: "ಹುಡುಗ ಸಣ್ಣಗಾಗಿದ್ದಾನೆ, ಅವನಿಗೆ ಬೇಯಿಸಿ ಹಾಕು" ಅನ್ನುವ ಮಾತಿನ ಜೊತೆ. ಊರನ್ನೆಲ್ಲ ಬೈದು ಎದೆ ಹಗುರ ಮಾಡಿಕೊಳ್ಳುವ ಹೆಂಗಸಿಗೆ, ಹೇಳಲೇಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿದುಹೋಯಿತು.

ಎರಡು ವರ್ಷದ ಹಿಂದಿನ ಮಳೆಗೆ ಗುಡ್ಡ ಜಾರಿ ಯಿನ್‌ಹುವಾಳ ಮನೆ ಹಳ್ಳದ ಪಾಲಾಯಿತು. ಜನ ಉಳಿದರು, ದೇವರು ದೊಡ್ಡವನು. ಮುದುಕಿ, ಮಗಳು ಶಾವ್‌ಮಿನ್, ಮನೆ ಅಳಿಯ ಶೌತಿಯೆನ್, ಮೂವರೂ ಹಳೇ ಶಾಲೆಯ ಉಗ್ರಾಣದಲ್ಲಿ ಸಂಸಾರ ಹೂಡಿದರು. ಯಿನ್‌ಹುವಾ ಅಲ್ಲಿ ಮಳೆ ಬಂದರೆ ಮಲಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಮಾಡಿನ ಕಡೆ ನೋಡುತ್ತಿದ್ದಳು.

ಮನೆ ಬಿದ್ದದ್ದಕ್ಕೆ ಅವಳ ಬಳಿ ಒಂದೇ ಕಾರಣ. ತೀರಿಕೊಂಡ ಗಂಡ ಬಲು ಜಂಬದವನು. "ನಾನೇನು ಕಳ್ಳನಾ?" ಅಂತ ಪೇಟೆಯಿಂದ ತೊಲೆ ಕೊಂಡು ತಂದು ಏರಿಸಿದ್ದ. "ಬೈಸಿಕೊಳ್ಳದ ತೊಲೆ ಕೆಳಗೆ ಇಷ್ಟು ವರ್ಷ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ಕಣೇ" ಅಂತ ಲಾಮೇಯ ಮುಂದೆ ಎಷ್ಟೋ ಸಲ ಹೇಳಿದ್ದಳು. ಪೆಂಗ್ ಮೇಸ್ತ್ರಿ, ಮಣ್ಣು ಸಡಿಲಾಗಿತ್ತು, ಕಂಬದ ಕಲ್ಲು ಕುಸಿದಿತ್ತು ಅಂತ ತಿಳಿಹೇಳಿದರೂ ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ಕಡೆಗೆ ಲಾಮೇಯ ತೋಪಿನ ಎದುರಿನ ದಿಬ್ಬದಲ್ಲಿ, ಬಂಡೆ ಮೇಲೆ ಕೂತ ಗಟ್ಟಿ ಜಾಗ ಸಿಕ್ಕಿತು. ನಡುವೆ ಬರೀ ಒಂದು ಹಳ್ಳ. ಮನೆ ಕಟ್ಟಿ ನೋಡು ಅಂತಾರಲ್ಲ, ಮೊದಲ ಜಗಳ ಅಳಿಯನಿಂದಲೇ ಶುರುವಾಯಿತು.

ಶೌತಿಯೆನ್ ದೂರದ ಹುಯಿಝೌ ಸೀಮೆಯವನು, ಗಾರೆ ಕೆಲಸದಲ್ಲಿ ಪಳಗಿದ ಕೈ. ಶಾವ್‌ಮಿನ್‌ಳನ್ನು ಶಾಂಘೈ ಕಡೆ ಕಟ್ಟಡದ ಕೆಲಸದಲ್ಲಿ ಕಂಡು ಮೆಚ್ಚಿ, ನಡುವಯಸ್ಸಿನಲ್ಲಿ ಮದುವೆಯಾಗಿ ಇಲ್ಲಿಗೇ ಬಂದವನು. ಒಳ್ಳೆಯವನು ಅಂದರೆ ಒಳ್ಳೆಯವನು, ಇರುವೆ ತುಳಿದರೂ ಕ್ಷಮೆ ಕೇಳುವ ಪೈಕಿ. ಜೋಳ ಬಿಡಿಸುತ್ತಾ ಕೂತಿದ್ದ ಲಾಮೇಯ ಎದುರಿಗೇ ಅವನು ಪೆಂಗ್ ಮೇಸ್ತ್ರಿಗೆ ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದ.

"ಮೇಸ್ತ್ರಿಗಳೇ, ನಮ್ಮಲ್ಲಿ ಹೀಗೆ. ಸುಣ್ಣ ಬಳಿದ ಎತ್ತರದ ಗೋಡೆ, ತುದೀಲಿ ಕುದುರೆ ಕತ್ತೆತ್ತಿ ನಿಂತ ಹಾಗೆ ಮೆಟ್ಟಿಲು ಮೆಟ್ಟಿಲು. ಪಕ್ಕದ ಮನೆಗೆ ಬೆಂಕಿ ಬಿದ್ರೂ ಈಚೆ ದಾಟಲ್ಲ. ನಾಲ್ಕೂ ಮಾಡಿನ ನೀರು ಮನೆ ನಡುವಿನ ಅಂಗಳಕ್ಕೇ ಬೀಳಬೇಕು. ನೀರು ಅಂದ್ರೆ ಸಂಪತ್ತು, ಹೊರಗೆ ಬಿಡಬಾರದು."

"ಅಳಿಯಂದ್ರೇ, ನೀರು ಮನೆಯೊಳಗೆ ಬಂದ್ರೆ ಏನಾಗುತ್ತೆ ಅಂತ ನಿಮ್ಮತ್ತೆ ಆಗ್ಲೇ ನೋಡಿಯಾಗಿದೆ" ಅಂದ ಪೆಂಗ್. ಲಾಮೇಗೆ ನಗು ತಡೆಯದೆ ಜೋಳದ ಕಾಳು ಚೆಲ್ಲಿತು.

"ನಿಮ್ಮ ಮನೆ ಕೆಟ್ಟದ್ದು ಅಂತಿಲ್ಲ ಕಣಪ್ಪ" ಅಂತ ಮೇಸ್ತ್ರಿ ಬೀಡಿಗೆ ಬೆಂಕಿ ತಾಗಿಸಿದ. "ನಾನೂ ನಾಲ್ಕೂರು ಸುತ್ತಿದವನೇ. ಬೀಜಿಂಗ್ ಕಡೆ ಅಂಗಳದ ಸುತ್ತ ನಾಲ್ಕು ಮಗ್ಗುಲಿಗೂ ಮನೆ ಕಟ್ಟಿ, ಚಳಿಗಾಳಿಗೆ ಬೆನ್ನು ಹಾಕಿ ಕೂತಿರ್ತಾರೆ. ಹಳದಿ ಮಣ್ಣಿನ ಸೀಮೇಲಿ ಗುಡ್ಡಾನೇ ಕೊರೆದು ಒಳಗೆ ಸೇರ್ಕೊಂಡಿರ್ತಾರೆ, ಬೇಸಗೇಲಿ ಏನು ತಂಪು ಅಂತೀಯ! ಫೂಜಿಯಾನ್ ಗುಡ್ಡದಲ್ಲಿ ಗುಂಡಗೆ ಮಣ್ಣಿನ ಕೋಟೆ, ಇಡೀ ಕುಲಕ್ಕೆ ಒಂದೇ ಬಾಗಿಲು, ಅತ್ತೆ ಸೊಸೆ ಜಗಳ ನೂರು ಮನೆಗೆ ಕೇಳಿಸಬೇಕು. ಅವರವರ ನೆಲ ಹೇಳಿದ ಹಾಗೆ ಅವರವರ ಮನೆ. ನಮ್ಮ ನೆಲ ಏನು ಹೇಳುತ್ತೆ? 'ನನ್ನ ಹತ್ರ ಸಮತಟ್ಟು ಜಾಗ ಇಲ್ಲ, ಕಾಲು ಇಳಿಬಿಟ್ಕೊಂಡು ಕೂತ್ಕೋ' ಅನ್ನುತ್ತೆ."

ಯಿನ್‌ಹುವಾ ಜಗಳ ಬಗೆಹರಿಸಿದಳು. "ನನಗೆ ಕಾಲಿರೋ ಮನೆ ಬೇಕು. ಕೆಳಗೆ ಹಂದಿ ಗುಟುರು ಹಾಕ್ಬೇಕು, ಮೇಲೆ ನಾನು ಕಟಾಂಜನಕ್ಕೆ ಒರಗಿ ಲಾಮೇ ಮನೆ ಹೊಗೆ ನೋಡ್ಬೇಕು. ಅಳಿಯಂದ್ರು ಬೇಜಾರು ಮಾಡ್ಕೋಬೇಡಿ, ಅಡುಗೆಮನೆ ಮಗ್ಗುಲಿಗೆ ನಿಮ್ಮ ಕುದುರೆ ಗೋಡೆ ಒಂದನ್ನ ಎಬ್ಬಿಸಿ." ಅಷ್ಟಕ್ಕೇ ಶೌತಿಯೆನ್ ಕಣ್ಣಲ್ಲಿ ನೀರು ಬಂತು. ಪೆಂಗ್ ಮೇಸ್ತ್ರಿ ಅಳತೆಯ ಬಿದಿರ ಗಳುವಿಗೆ ಗುರುತು ಹಾಕಲು ಕೂತ.

ಜೋಳ ಕೊಯ್ಲು ಮುಗಿದು, ಕಂಬದ ಚೌಕಟ್ಟುಗಳೆಲ್ಲ ತಯಾರಾದ ಮೇಲೆ ಒಂದು ಮಧ್ಯಾಹ್ನ ಶೌತಿಯೆನ್ ತಲೆ ಬಾಚಿ, ಒಂದು ಕೈಯಲ್ಲಿ ಜೋಳದ ಸಾರಾಯಿ, ಇನ್ನೊಂದರಲ್ಲಿ ಸಕ್ಕರೆ ಪೊಟ್ಟಣ ಹಿಡಿದು ಲಾಮೇಯ ಬಾಗಿಲಿಗೆ ಬಂದ.

"ಚಿಕ್ಕತ್ತೆ, ತಪ್ಪು ತಿಳೀಬೇಡಿ. ನಿಮ್ಮ ತೋಪಿನಲ್ಲಿ, ಮೇಲಿನ ಸಾಲಲ್ಲಿ, ಬುಡದಲ್ಲಿ ಮರಿ ಇರೋ ಮರ ಒಂದಿದೆಯಲ್ಲ, ನಮ್ಮ ನೆತ್ತಿ ತೊಲೆಗೆ..."

ಲಾಮೇ ಎರಡೂ ಕಿವಿಗೆ ಬೆರಳು ತುರುಕಿದಳು. "ಕೇಳಿಸಲಿಲ್ಲ! ನನಗೇನೂ ಕೇಳಿಸಲಿಲ್ಲ!"

"ಜೋರಾಗಿ ಹೇಳ್ತೀನಿ ಚಿಕ್ಕತ್ತೆ. ಆ ಮರ ನಮಗೆ ಕೊಡಿ ಅಂತ..."

"ಅಯ್ಯೋ ನಿನ್ನ! ಮುಚ್ಚೋ ಬಾಯಿ! ಕೇಳ್ಬಾರದೋ ಪುಣ್ಯಾತ್ಮ, ಕೇಳಿದ್ರೆ ಕೆಟ್ಟಿತು!" ಅಂದವಳೇ ಹಿಂಬಾಗಿಲಿಂದ ಹಂದಿಗೂಡಿನ ಕಡೆ ಓಟ ಕಿತ್ತಳು. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಿದ್ದನ್ನು ಊರು ಇವತ್ತಿಗೂ ಆಡಿಕೊಳ್ಳುತ್ತದೆ. ಶೌತಿಯೆನ್ ಸಾರಾಯಿ ಹಿಡಿದು ನಿಂತೇ ಇದ್ದ. ಅವರ ಕಡೆ ತೊಲೆಯ ಮರ ಕೇಳುವುದಕ್ಕೆ ಹೊಸ ಬಟ್ಟೆ ತೊಟ್ಟು ಹೋಗುತ್ತಾರಂತೆ. ಕದಿಯಬೇಕು ಅಂತ ಅವನಿಗೆ ಯಾರು ಹೇಳಿದ್ದರು ಪಾಪ!

ಹಂದಿಗೂಡಿನ ಹಿಂದೆ ಉಸಿರು ಹಿಡಿದು ಕೂತಾಗಲೇ ಲಾಮೇಗೆ ಇನ್ನೊಂದು ನೆನಪಾದದ್ದು. ಯಿನ್‌ಹುವಾಳ ಮನೆಗೆ ತೊಲೆ ತನ್ನ ತೋಪಿನಿಂದ ಅಂದರೆ ಬೈಯಬೇಕಾದವಳು ತಾನೇ. ಯಿನ್‌ಹುವಾಳನ್ನು! ಒಳಗೆ ಬಂದು ಬೆಂಕಿಗುಂಡಿಯ ಮುಂದೆ ಮೆಲ್ಲಗೆ ಅಭ್ಯಾಸ ಮಾಡಿ ನೋಡಿದಳು. "ಎಲೇ ಕಳ್ಳಿ..." ಅನ್ನುವಷ್ಟರಲ್ಲಿ ಅದೇ ಬೆಂಕಿ ಮುಂದೆ ಕೂತು ಇಬ್ಬರು ಮಕ್ಕಳಿಗೆ ಹಾಲೂಡಿಸಿದ ಆಕೃತಿ ಕಣ್ಣಿಗೆ ಕಟ್ಟಿತು. ಲಾಮೇ ಅಷ್ಟಕ್ಕೇ ಬಿಟ್ಟು ಬೆಂಕಿ ಕೆದಕಲು ಕೂತಳು.

ಮಾರನೆಯ ದಿನ ಹಳ್ಳ ದಾಟಿ ಉಗ್ರಾಣಕ್ಕೆ ಹೋದಳು.

"ಅಕ್ಕಾ, ಬೇರೆಯವರ ತೋಪಿನಲ್ಲಿ ನೋಡು. ಪೆಂಗ್ ಮೇಸ್ತ್ರಿ ತಮ್ಮನ ಹತ್ರ ಒಳ್ಳೇ ಮರ ಇದೆ. ಅವನ ಹೆಂಡತೀನೂ ಒಂದು ಮಟ್ಟಕ್ಕೆ ಬೈತಾಳೆ."

"ಆ ಹೆಂಗಸಾ? ಬೈದ್ರೆ ಸೊಳ್ಳೆ ಗುಂಯ್ ಅಂದ ಹಾಗಿರುತ್ತೆ." ಯಿನ್‌ಹುವಾ ಎಣ್ಣೆಯಲ್ಲಿ ಹುರಿದು ಕುದಿಸಿದ ಚಹಾದ ಬಟ್ಟಲನ್ನು ಮುಂದೆ ತಳ್ಳಿದಳು. "ಲಾಮೇ, ಊರಲ್ಲಿ ಎಷ್ಟು ಮನೆಗೆ ನಿನ್ನ ಬೈಗುಳ ಹಂಚಿದೀಯ? ನೆಂಟರಲ್ಲದವರಿಗೂ ಕೊಟ್ಟೆ. ನನಗೆ ಒಂದಾದ್ರೂ ಕೊಟ್ಯಾ? ನನಗೆ ವಯಸ್ಸಾಯ್ತು ಕಣೇ. ಮಳೆ ಬಂದಾಗ ಒಂದು ರಾತ್ರಿ ಕಣ್ಮುಚ್ಚಿ ಮಲಗಬೇಕು ಅಂತ ಆಸೆ. ನಿನ್ನ ಬಾಯಿ ಬಿದ್ದ ತೊಲೆ ಕೆಳಗೆ ಮಾತ್ರ ನನಗೆ ನಿದ್ದೆ ಬರುತ್ತೆ."

"ಉಂಡ ಮನೆಗೆ ಎರಡು ಬಗೆಯೋದಾ ಅಕ್ಕಾ? ನಿನ್ನ ಹಾಲಿನ ಋಣ..."

"ಬಿಡೇ! ಮತ್ತೆ ಅದೇ ರಾಗ!" ಯಿನ್‌ಹುವಾ ಕೈ ಝಾಡಿಸಿದಳು. "ಬೈಯೋಕೆ ಆಗಲ್ಲ ಅಂದ್ರೆ ಹೇಳಿಬಿಡು. ತೊಲೇನೇ ಇಲ್ಲದೆ ಉಗ್ರಾಣದಲ್ಲೇ ಸಾಯ್ತೀನಿ."

ಲಾಮೇ ಚಹಾ ಕುಡಿಯದೆ ಎದ್ದು ಬಂದಳು. ನಲವತ್ತು ವರ್ಷದಲ್ಲಿ ಯಿನ್‌ಹುವಾ ಅವಳಿಂದ ಏನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು, ಕೊಡಲಾಗದ್ದನ್ನೇ.

ತೊಲೆ ಏರಿಸುವ ದಿನ ಬಂತು. ಬೆಳಗಿನ ಮಂಜಿನಲ್ಲಿ ತೋಪಿನಿಂದ ಕೊಡಲಿ ಸದ್ದು ಕೇಳಿದಾಗ ಲಾಮೇ ಹಾಸಿಗೆಯಲ್ಲಿ ಕಣ್ಣು ಬಿಟ್ಟೇ ಮಲಗಿದ್ದಳು. ಎಚ್ಚರವಾಗಿದ್ದರೂ ಎದ್ದು ಹೋಗಬಾರದು, ಅದು ಕ್ರಮ. ಕಿಟಕಿಯ ಸಂದಿಯಿಂದ ಒಂದು ಕಣ್ಣು ಮಾತ್ರ ಹಾಯಿಸಿದಳು. ಮರದ ಮುಂಭಾಗಕ್ಕೆ ಹೆಗಲು ಕೊಟ್ಟು ಇಳಿಯುತ್ತಿದ್ದವನು ಅವಳ ಸ್ವಂತ ಮಗ ಮಾವ್‌ಲಿನ್. ರಜೆ ಹಾಕಿ ಬಂದವನು ರಾತ್ರಿ, "ದೊಡ್ಡವ್ವನ ಮನೇಲಿ ಮಲಗ್ತೀನಿ" ಅಂದಿದ್ದ. "ಹೆತ್ತ ತಾಯಿ ತೋಪಿಗೇ ಕನ್ನ, ಭೇಷ್ ಮಗನೇ" ಅಂತ ಅವಳಿಗೆ ಅಷ್ಟು ಸಂಕಟದಲ್ಲೂ ನಗು ಬಂತು.

ಬಿಸಿಲು ಹಳ್ಳಕ್ಕೆ ಇಳಿಯುವ ಹೊತ್ತಿಗೆ ಆಚೆ ದಿಬ್ಬದಲ್ಲಿ ಪಟಾಕಿ ಸಿಡಿಯಿತು. ಲಾಮೇ ಮುಖ ತೊಳೆದು, ಬಿಸಿನೀರು ಕುಡಿದು, ಬೊಡ್ಡೆಯ ಬಳಿ ಹೋಗಿ ನಿಂತಳು. ಎದುರಿಗೆ ಎಲ್ಲ ಕಾಣುತ್ತಿತ್ತು. ಎದ್ದು ನಿಂತ ಮನೆಯ ಚೌಕಟ್ಟು, ಎರಡು ಅಡ್ಡೆಗಳ ಮೇಲೆ ಮಲಗಿದ ಮರ, ಊರ ಜನ, ಜನರ ಮುಂದೆ ನೀಲಿ ತಲೆಬಟ್ಟೆಯ ಯಿನ್‌ಹುವಾ. ಎಲ್ಲರೂ ಲಾಮೇಯ ಕಡೆಗೇ ಮುಖ ಎತ್ತಿದ್ದರು.

ಬಾಯಿ ತೆರೆದಳು. ಸದ್ದು ಬರಲಿಲ್ಲ.

ಜನ ಕಾದರು. ಒಬ್ಬರಿಗೆ ಕೆಮ್ಮು ಬಂತು, ಒಬ್ಬರು ಬೀಡಿ ಆರಿಸಿದರು. ಪೆಂಗ್ ಮೇಸ್ತ್ರಿ ಮರಕ್ಕೆ ಗೆರೆ ಹೊಡೆಯುವ ಮಸಿದಾರದ ಡಬ್ಬಿ ಹಿಡಿದು ನಿಂತವನು ಆಕಾಶ ನೋಡಿದ. ಸೂರ್ಯ ತೋಪಿನ ನೆತ್ತಿ ದಾಟಿದ ಮೇಲೆ ಬೈದರೆ ಲೆಕ್ಕಕ್ಕಿಲ್ಲ, ಮರ ವಾಪಸ್ ಒಯ್ಯಬೇಕು. ಶೌತಿಯೆನ್, "ಚಿಕ್ಕತ್ತೆಗೆ ಬೇಜಾರಾಗಿದೆ, ನಾನು ಹೋಗಿ ಕ್ಷಮೆ ಕೇಳ್ತೀನಿ" ಅಂತ ಹೊರಟ. ಇಬ್ಬರು ಅವನ ಅಂಗಿ ಹಿಡಿದು ಎಳೆದರು. ಯಿನ್‌ಹುವಾ ಮಾತ್ರ ಅಲುಗಲಿಲ್ಲ. ಆದರೆ ಅವಳ ಭುಜ ಸಣ್ಣಗೆ ಕುಸಿದದ್ದು ಇಲ್ಲಿಂದಲೇ ಕಾಣಿಸಿತು. ಆ ಭುಜ ಮಳೆಯಲ್ಲಿ ಗೋಡೆಗೆ ಒರಗಿ ಕೂತ ಹಾಗೆಯೇ ಇತ್ತು.

ನಿಲ್ಲಲಾರದೆ ಲಾಮೇ ಬೊಡ್ಡೆ ಹಿಡಿದು ಬಗ್ಗಿದಳು. ಆಗ ಕಣ್ಣಿಗೆ ಬಿತ್ತು. ಬೊಡ್ಡೆಯ ಮೇಲೆ ಕೆಂಪು ಪೊಟ್ಟಣ, ಅದರ ಪಕ್ಕ ಹೊಗೆ ಹಿಡಿದ ಹಂದಿಯ ತೊಡೆಯೊಂದು. ದೊಡ್ಡದು. ತಾಳೆಗರಿಯ ಸೀಳು. ಜೋಡಿಗಂಟು.

ಅವಳದೇ ಗಂಟು! ಈ ಹೊಸವರ್ಷಕ್ಕೆ ಅವಳೇ ಕಳಿಸಿದ, ಈ ಸಲವಾದರೂ ಯಿನ್‌ಹುವಾ ಇಟ್ಟುಕೊಂಡಳು ಅಂತ ಅಂದುಕೊಂಡಿದ್ದ ತೊಡೆ, ಬಿಚ್ಚದೆ, ಮುಟ್ಟದೆ, ಹೋದ ಹಾಗೇ ಬಂದು ಕೂತಿತ್ತು. ಲಾಮೇ ತೊಡೆಯನ್ನು ಗರಿಯ ಸಮೇತ ಎತ್ತಿ ಹಿಡಿದು ಕಿರುಚಿದಳು.

"ಏ ಆಚೆ ದಿಬ್ಬದ ಕಳ್ಳೀ! ನನ್ನ ಮನೆ ಹೊಗೆ ತಿಂದ ತೊಡೇನ ನನಗೇ ವಾಪಸ್ ಕಳಿಸ್ತೀಯಾ? ನನ್ನ ಕೈಗಂಟು ನನಗೆ ಗುರ್ತು ಸಿಗಲ್ಲ ಅಂದ್ಕೊಂಡ್ಯಾ? ಎಷ್ಟು ಕೊಬ್ಬೇ ನಿನಗೆ! ಪ್ರತಿವರ್ಷ ನಾನು ಕೊಡೋದು, ನೀನು ತಳ್ಳೋದು! ನನ್ನ ಕೈಯಲ್ಲಿ ವಿಷ ಇದೆಯೇನೇ?"

"ಬಂತು! ಬಂತು!" ಅಂತ ಪೆಂಗ್ ಮೇಸ್ತ್ರಿ ಕುಣಿದ. ದಿಬ್ಬದ ಜನಕ್ಕೆ ಹೋದ ಜೀವ ಬಂತು.

ಯಿನ್‌ಹುವಾಳ ಕೈ ಅಭ್ಯಾಸದಂತೆ ಮೇಲೆದ್ದಿತು, ಬಾಯಿ "ಬಿಡೇ" ಅನ್ನಲು ತೆರೆಯಿತು. ಪಕ್ಕದಲ್ಲಿದ್ದ ಮಾವ್‌ಲಿನ್ ತನ್ನ ಅಗಲವಾದ ಅಂಗೈಯಿಂದ ಆ ಬಾಯಿ ಮುಚ್ಚಿದ. "ದೊಡ್ಡವ್ವಾ, ಮಾತಾಡಿದ್ರೆ ತೊಲೆ ಕೆಡುತ್ತೆ!"

ಅದನ್ನು ಲಾಮೇ ನೋಡಿದಳು. ನೋಡಿ ಅವಳಿಗೆ ಹೊಳೆಯಿತು. ಇವತ್ತು ಯಿನ್‌ಹುವಾ ಬಾಯಿ ಬಿಡುವಂತಿಲ್ಲ. ಇವತ್ತು ತಾನು ಏನು ಹೇಳಿದರೂ ಅವಳು ನಿಂತು ಕೇಳಬೇಕು.

"ಹಾಂ, ಮುಚ್ಚು! ಮುಚ್ಕೊಂಡು ಕೇಳು! ನೀನು ಇವತ್ತು ಕಳ್ಳಿ ಆದವಳಲ್ಲ. ಆ ಹಿಮ ಬಿದ್ದ ವರ್ಷವೇ ಕಳ್ಳಿ! ಯಮರಾಜ ನನ್ನ ಮಗನ ಹೆಸರು ಕೂಗಿ ಬಾಗಿಲಲ್ಲಿ ನಿಂತಿದ್ದ, ಅವನ ಕೈಯಿಂದ ಕಿತ್ಕೊಂಡು ಹೋದ್ಯಲ್ಲೇ! ಯಮನ ಮನೆಗೇ ಕನ್ನ ಹಾಕಿದವಳು ನನ್ನ ತೋಪು ಬಿಡ್ತೀಯಾ? ಹೆತ್ತ ಮಗಳ ಪಾಲಿನ ಹಾಲು ಕದ್ದು ನೆರೆಯವಳ ಮಗನಿಗೆ ಕುಡಿಸಿದ ಕಳ್ಳಿ ನೀನು! ಗಂಡ ಬೈದ್ರೂ ಬಂದೆ. ಹಿಮ ಮೊಣಕಾಲಿಗೆ ಬಂದ್ರೂ ಬಂದೆ. ಆವತ್ತು ನಿನ್ನ ಕಾಲಿನ ಬೆರಳು ಕಪ್ಪಾಗಿದ್ದು ಇವತ್ತಿಗೂ ಚಳಿಗೆ ನೋಯುತ್ತೆ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಹಳ್ಳದಲ್ಲಿ ಕಾಲು ತೊಳೆಯುವಾಗ ಕಲ್ಲಿನ ಹಿಂದೆ ಮರೆ ಮಾಡ್ತೀಯ, ನಾನು ನೋಡಿಲ್ಲ ಅಂದ್ಕೊಂಡ್ಯಾ?"

ದಿಬ್ಬದಲ್ಲಿ ನಗು ನಿಂತಿತ್ತು. ಶಾವ್‌ಮಿನ್ ತಾಯಿಯ ಕಾಲಿನ ಕಡೆ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ.

"ನನ್ನ ಮಗನ ಒಂದೊಂದು ಹಲ್ಲೂ ನಿನ್ನ ಹಾಲು! ಅವನು ಮೊದಲ ಸಲ ನಡೆದ ದಿನ ನಾನು ಹೇಳೋಕೆ ಬಂದೆ, ನೀನು ಬಿಡೇ ಅಂದೆ. ಅವನ ಮದುವೆ ದಿನ ಬಂದೆ, ಬಿಡೇ ಅಂದೆ. ಮೊಮ್ಮಗಳು ಹುಟ್ಟಿದ ದಿನ ಬಂದೆ, ಬಾಗಿಲಲ್ಲೇ ಬಿಡೇ ಅಂದೆ! ಎಲ್ಲಿ ಬಿಡ್ಲೇ? ಎಲ್ಲಿ ಇಳಿಸಿ ಬಿಡ್ಲಿ ಇದನ್ನ? ಊರಲ್ಲಿ ಎಲ್ಲರಿಗೂ ಎಲ್ಲಾ ಮಾತು ಹೇಳಿದೆ, ನಿನಗೆ ಒಂದು ಮಾತು ಹೇಳೋಕೆ ನೀನು ದಾರಿ ಕೊಡಲಿಲ್ಲ. ಕೊಟ್ಟೋಳು ನೀನು, ದೊಡ್ಡೋಳಾದೆ. ತಗೊಂಡೋಳು ನಾನು, ತಲೆ ಬಗ್ಗಿಸ್ಕೊಂಡೇ ಮುದುಕಿ ಆದೆ. ಇದಕ್ಕಿಂತ ಕಳ್ಳತನ ಇದೆಯೇನೇ ಲೋಕದಲ್ಲಿ?"

ಉಸಿರು ಸಾಲದೆ ನಿಂತಳು. ಮುಖವೆಲ್ಲ ಕಣ್ಣೀರು. ಮತ್ತೆ ಶುರುವಾದಾಗ ದನಿ ಬಿರುಕು ಬಿಟ್ಟಿತ್ತು, ಆದರೂ ಆಚೆಗೆ ಕೇಳಿಸಿತು.

"ಆ ಮನೇಲಿ ಇರು, ಕಳ್ಳೀ! ನನಗಿಂತ ಹೆಚ್ಚು ವರ್ಷ ಇರು! ಮಳೆ ಬಂದ್ರೆ ಎದ್ದು ಕೂರ್ಬೇಡ. ಗುಡುಗಿದ್ರೂ ಏಳ್ಬೇಡ. ನನ್ನ ಮರ ತಲೆ ಮೇಲಿದೆ ಅಂತ ಕಾಲು ಚಾಚಿ ಮಲಗು. ಕೇಳಿಸ್ತೇನೇ? ಮಲಗು!"

 ಮಾವ್‌ಲಿನ್ ಕೈ ತೆಗೆದಿದ್ದ. ತೆಗೆದರೂ ಯಿನ್‌ಹುವಾಳ ಬಾಯಿಂದ ಒಂದಕ್ಷರ ಹೊರಡಲಿಲ್ಲ. ತಲೆಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಲಾಮೇಯ ಕಡೆಗೇ ನೋಡುತ್ತಾ ನಿಂತಿದ್ದಳು. ಪೆಂಗ್ ಮೇಸ್ತ್ರಿ ಮೂಗು ಸೀಟಿ, "ಏನ್ರೋ ನೋಡ್ತೀರಾ, ಉಳಿ ಕೊಡ್ರೋ!" ಅಂತ ಗದರಿ ಮರದ ತೊಗಟೆ ತೆಗೆಯಲು ಶುರುಮಾಡಿದ.

ಮಧ್ಯಾಹ್ನದ ಹೊತ್ತಿಗೆ ಲಾಮೇ ಹೊಸ ಅಂಗಿ ತೊಟ್ಟು ದಿಬ್ಬಕ್ಕೆ ಬಂದಳು, ಕೈಯಲ್ಲಿ ಆ ತೊಡೆ. ಕೆಂಪು ಬಟ್ಟೆ ಸುತ್ತಿದ ತೊಲೆಯನ್ನು ಹಗ್ಗ ಕಟ್ಟಿ ಎರಡು ಕಡೆಯಿಂದ ಏರಿಸುತ್ತಿದ್ದರು. ಅದು ತನ್ನ ಗೂಡಿನಲ್ಲಿ ಕೂತಾಗ ಪೆಂಗ್ ನೆತ್ತಿಯ ಮೇಲೆ ನಿಂತು ಶುಭಕ್ಕೆಂದು ಅಕ್ಕಿರೊಟ್ಟಿಗಳನ್ನು ಎಸೆದ. ಮಕ್ಕಳು, ಮುದುಕರು, ಕಿವುಡ ಗಾಣಿಗ ಎಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹಿಡಿದರು. ಶೌತಿಯೆನ್ ತನ್ನ ಕುದುರೆ ಗೋಡೆಯ ಮೊದಲ ಸಾಲು ಇಟ್ಟಿಗೆ ಇಟ್ಟು ಮುಗಿಸಿದ್ದ. ಲಾಮೇಯನ್ನು ಕಂಡವನೇ ಓಡಿ ಬಂದ.

"ಚಿಕ್ಕತ್ತೆ, ದೇವರಾಣೆ ನನ್ನ ತಪ್ಪಲ್ಲ. ಆ ತೊಡೆ ಇಡಿ, ಗಂಟು ಮಾತ್ರ ಬಿಚ್ಚಬೇಡಿ ಅಂತ ಅತ್ತೇನೇ ಹೇಳಿದ್ರು. ನೀವು ಬೈಯದೇ ಹೋದ್ರೆ ಕಷ್ಟ, ಆ ಗಂಟು ನೋಡಿದ್ರೆ ಸಿಟ್ಟು ಬರುತ್ತೆ ಅಂತ."

ಲಾಮೇ ತಿರುಗಿ ನೋಡಿದಳು. ಯಿನ್‌ಹುವಾ ಚೌಕಟ್ಟಿನೊಳಗೆ ಆಗಲೇ ಹೂಡಿದ್ದ ಹೊಸ ಬೆಂಕಿಗುಂಡಿಯ ಪಕ್ಕ ನಿಂತು ಕಿಸಕ್ಕನೆ ನಕ್ಕಳು. ಕಣ್ಣು ಇನ್ನೂ ಕೆಂಪಗಿತ್ತು.

"ಮೇಸ್ತ್ರಿ, ಈಗ ಮಾತಾಡಬಹುದಾ?" ಅಂತ ಮೇಲಕ್ಕೆ ಕೂಗಿದಳು.

"ತೊಲೆ ಕೂತಾಯ್ತು ಅಕ್ಕಾ. ಧಾರಾಳವಾಗಿ ಮಾತಾಡು."

ಯಿನ್‌ಹುವಾ ಹತ್ತಿರ ಬಂದು ಲಾಮೇಯ ಕೈಯಲ್ಲಿದ್ದ ತೊಡೆಗೆ ಕೈ ಚಾಚಿದಳು.

"ಮತ್ತೆ ಮಾವ್‌ಲಿನ್‌ಗೆ ಕಟ್ಟಿ ಕಳಿಸೋಕಾ?" ಲಾಮೇ ಹಿಂದೆಗೆದಳು.

"ಕೊಡೇ ಇಲ್ಲಿ. ನನ್ನ ಒಲೆ ಮೇಲೆ ಕೊಕ್ಕೆ ಖಾಲಿ ಇದೆ." ಯಿನ್‌ಹುವಾ ತೊಡೆಯನ್ನು ಎದೆಗೆ ಅವಚಿಕೊಂಡಳು. "ಇದು ನಂದು. ನೀನು ಕೊಟ್ಟಿದ್ದು, ನಾನು ತಗೊಂಡೆ."

ಲಾಮೇ ಮಣೆ ಎಳೆದು ಹತ್ತಿ, ತಾಳೆಗರಿಯ ಗಂಟನ್ನು ಬೆಂಕಿಗುಂಡಿಯ ಮೇಲಿನ ಕೊಕ್ಕೆಗೆ ತಾನೇ ಸಿಕ್ಕಿಸಿದಳು. ಕೆಳಗೆ ಯಿನ್‌ಹುವಾ ಮಣೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಿನಗೆ ನಾನು ಹೇಳ್ಬೇಕಾದ್ದು ಇನ್ನೂ ಇದೆ ಅಕ್ಕಾ" ಅಂದಳು ಲಾಮೇ ಮೇಲಿನಿಂದಲೇ.

"ಇಳಿದು ಬಾ," ಅಂದಳು ಯಿನ್‌ಹುವಾ. "ಬೆಂಕಿ ಹಚ್ತೀನಿ. ಕೂತು ಹೇಳು."